ಐದು ಬೆರಳಿಗೆ ಎರೆಯುವ ಹಬ್ಬ

ಎರಡು ವರ್ಷದ ಕೂಸು ಇರುವ ಮನೆಯಲ್ಲಿ ಗಡಿಯಾರಕ್ಕೆ ಬೆಲೆಯಿಲ್ಲ. ತಂದೆ ಕಚೇರಿಗೆ ಹೊರಟು ನಿಂತಾಗಲೋ, ತಾಯಿ ರೊಟ್ಟಿಯ ಹಂಚನ್ನು ಒಲೆಗೆ ಏರಿಸಿದಾಗಲೋ, ಬೀಗರು ಪಡಸಾಲೆಯಲ್ಲಿ ಕುಳಿತು ಚಹಾದ ಕಪ್ಪನ್ನು ತುಟಿಗೆ ಒಯ್ದಾಗಲೋ ಆ ಕೂಸು ಜಮಖಾನದ ನಟ್ಟನಡುವೆ ಸುಮ್ಮನೆ ನಿಂತುಬಿಡುತ್ತದೆ. ಅದರ ಮುಖದಲ್ಲಿ ತತ್ತ್ವಜ್ಞಾನಿಯ ಗಾಂಭೀರ್ಯ ಮೂಡುತ್ತದೆ. ಆ ಮುಖಮುದ್ರೆಯ ಅರ್ಥ ಮನೆಯಲ್ಲಿ ಅಜ್ಜಿಯೊಬ್ಬಳಿಗೇ ಗೊತ್ತು. “ಏ, ಆ ಹುಡುಗನ್ನ ಬಚ್ಚಲಕ್ಕ ಒಯ್ಯರೇ!” ಎಂದು ಆಕೆ ಕೂಗುವಷ್ಟರಲ್ಲಿ ಕಾರ್ಯ ಮುಗಿದಿರುತ್ತದೆ. ಅನಂತರ ಹತ್ತು ಬಾಯಿಗಳಿಂದ ಹೊರಡುವ ಉದ್ಗಾರ ಒಂದೇ: “ಛೀ!”

ಈ ಒಂದಕ್ಷರದ ಮಾತು ಮಾಡುವ ಕೆಲಸ ಸಣ್ಣದಲ್ಲ. ಕೂಸಿಗೆ ತಾನು ಮಾಡಿದ್ದರ ಬಗ್ಗೆ ಹೇಸಿಗೆಯಿಲ್ಲ; ಬದಲಿಗೆ ಒಂದಿಷ್ಟು ಅಭಿಮಾನವೇ ಉಂಟು. ತನ್ನ ದೇಹದಿಂದ ಏನೋ ಹೊರಬಂದಿತಲ್ಲ ಎಂದು ಅದು ಬಗ್ಗಿ ನೋಡುತ್ತದೆ. ತಲೆಯೆತ್ತಿದರೆ ಎದುರಿಗೆ ತಾಯಿಯ ಗಂಟಿಕ್ಕಿದ ಹುಬ್ಬು. ‘ಛೀ’ ಎಂದದ್ದು ನೆಲಕ್ಕೋ, ಜಮಖಾನಕ್ಕೋ, ಆದ ಕೆಲಸಕ್ಕೋ, ಇಲ್ಲವೆ ತನಗೇ ಎಂಬುದು ಅದಕ್ಕೆ ಹೇಗೆ ತಿಳಿಯಬೇಕು? ತನಗೇ ಎಂದು ಅದು ತಿಳಿದುಕೊಂಡರೆ ಆಶ್ಚರ್ಯವಿಲ್ಲ. ಮರುದಿನ ಅದು ಕದದ ಹಿಂದೆ ಅಡಗಿ ನಿಲ್ಲುತ್ತದೆ. ಅದರ ಮರುದಿನ ತಡೆಹಿಡಿಯುತ್ತದೆ. ತಡೆಹಿಡಿದದ್ದು ಒಳಗೆ ಗಟ್ಟಿಯಾಗುತ್ತದೆ; ಗಟ್ಟಿಯಾದದ್ದು ಹೊರಬರುವಾಗ ನೋಯುತ್ತದೆ; ಒಮ್ಮೆ ನೊಂದ ಕೂಸು ಮುಂದಿನ ಸಲ ಇನ್ನಷ್ಟು ಬಿಗಿಯಾಗಿ ತಡೆಹಿಡಿಯುತ್ತದೆ. ಮಲಬದ್ಧತೆಯೆಂದು ವೈದ್ಯರ ಬಳಿಗೆ ಬರುವ ಎಳೆಯ ಮಕ್ಕಳಲ್ಲಿ ಎಷ್ಟೋ ಮಕ್ಕಳ ಕಥೆ ಈ ಬಗೆಯದು. ಔಷಧ ಅದನ್ನು ಮೆದುಮಾಡಬಲ್ಲುದು. ಭಯವನ್ನು ಮೆದುಮಾಡುವ ಕೆಲಸ ಮನೆಯವರದೇ.

ಮೊದಲು ಬೇಕಾದುದು ಒಂದು ಮಾತು. ಲಕ್ಷ್ಮೇಶ್ವರವು ಹಿಂದಿನ ಪುಲಿಗೆರೆ. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕವಿರಾಜಮಾರ್ಗವು ಹೆಸರಿಸಿದ ಊರುಗಳಲ್ಲಿ ಅದೂ ಒಂದು. ಇಂಥ ತಿರುಳ್ಗನ್ನಡದ ನಾಡಿನಲ್ಲಿ ಹುಟ್ಟಿದ ಕೂಸಿಗೆ ತನ್ನ ಅತ್ಯಂತ ಅವಸರದ ಅಗತ್ಯವನ್ನು ತಿಳಿಸಲು ಒಂದು ನಿಶ್ಚಿತವಾದ ಪದವಿಲ್ಲವೆಂದರೆ ಪಂಡಿತರು ನಗಬಹುದು. ಆದರೆ ಪರಿಸ್ಥಿತಿ ಅದೇ. ಅಜ್ಜಿ ‘ಬೈಲಕಡೆ’ ಎನ್ನುತ್ತಾಳೆ. ತಾಯಿ ‘ಎರಡಕ್ಕ’ ಎನ್ನುತ್ತಾಳೆ. ಓಣಿಯ ಹುಡುಗರ ಮಾತೇ ಬೇರೆ. ಅದನ್ನು ಮನೆಯಲ್ಲಿ ಆಡಿದರೆ ಬೆನ್ನಿಗೆ ಏಟು. ಅಂಗನವಾಡಿಗೋ ಇಂಗ್ಲಿಷ್ ಶಿಶುವಿಹಾರಕ್ಕೋ ಹೋದರೆ ಅಲ್ಲಿ ‘ಟಾಯ್ಲೆಟ್’. ಮೂರು ವರ್ಷದ ಹುಡುಗಿಯೊಬ್ಬಳು ಶಿಕ್ಷಕಿಯ ಸೆರಗು ಜಗ್ಗಿ ಮನೆಯ ಮಾತಿನಲ್ಲಿ ಏನೋ ಹೇಳುತ್ತಾಳೆ. ಬೇರೆ ಊರಿನಿಂದ ಬಂದ ಶಿಕ್ಷಕಿಗೆ ಅದು ತಿಳಿಯುವುದಿಲ್ಲ. ಎರಡು ನಿಮಿಷದಲ್ಲಿ ಲಂಗ ತೋಯುತ್ತದೆ, ಉಳಿದ ಮಕ್ಕಳು ನಗುತ್ತವೆ. ಮರುದಿನ ಆಕೆ ಶಾಲೆಗೆ ಬರಲೊಲ್ಲಳು. ಯಾವ ಮಾತಾದರೂ ಸರಿ, ಮನೆಯವರೆಲ್ಲರೂ ಅದೊಂದನ್ನೇ ಬಳಸಿ, ಮಗುವನ್ನು ಶಾಲೆಗೆ ಬಿಡುವ ಮೊದಲ ದಿನವೇ ಶಿಕ್ಷಕಿಗೆ ಅದನ್ನು ತಿಳಿಸಿದರೆ ಈ ಅವಮಾನ ತಪ್ಪುತ್ತದೆ.

ಕಲಿಸುವ ವಯಸ್ಸು ಯಾವುದು ಎಂಬ ವಿಷಯದಲ್ಲಿ ಅಜ್ಜಿಗೂ ಸೊಸೆಗೂ ಬಹುಕಾಲದ ವ್ಯಾಜ್ಯವುಂಟು. ಅಜ್ಜಿಯ ಪದ್ಧತಿ ಹಳೆಯದು. ಕೂಸಿಗೆ ಕೆಲವು ತಿಂಗಳಾಗುತ್ತಲೇ ಆಕೆ ಕಾಲು ನೀಡಿ ಕುಳಿತು, ಎರಡು ಪಾದಗಳ ಮೇಲೆ ಅದನ್ನು ಕುಳ್ಳಿರಿಸಿ, “ಸ್ಸ್… ಸ್ಸ್…” ಎಂದು ಸದ್ದು ಮಾಡುತ್ತಾಳೆ. ಸ್ವಲ್ಪ ದಿನಗಳಲ್ಲಿ ಆ ಸದ್ದಿಗೂ ಕೂಸಿನ ದೇಹಕ್ಕೂ ಒಂದು ಒಪ್ಪಂದ ಏರ್ಪಡುತ್ತದೆ. ಸೊಸೆ ಓದಿದವಳು, ಇಷ್ಟು ಬೇಗ ಕಲಿಸಬಾರದು ಎನ್ನುತ್ತಾಳೆ. ಆಕೆಯ ಪಕ್ಷಕ್ಕೂ ಆಧಾರವಿದೆ. ಅಮೇರಿಕದ ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ ೧೯೬೨ರಲ್ಲಿ ತಮ್ಮಲ್ಲಿಗೆ ಬಂದ ೧,೧೭೦ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ ಒಂದು ಲೇಖನ ಪ್ರಕಟಿಸಿದರು. ಮಗುವೇ ಸಿದ್ಧವಾಗುವವರೆಗೆ ಕಾಯಬೇಕು, ಬಲವಂತ ಕೂಡದು ಎಂಬುದು ಅದರ ಸಾರ. ಹಾಗೆ ಕಾದ ಮಕ್ಕಳು ಹಗಲಿನಲ್ಲಿ ಬಟ್ಟೆ ತೋಯಿಸದಿರುವುದನ್ನು ಕಲಿತದ್ದು ಸರಾಸರಿ ೨೮ ತಿಂಗಳ ಸುಮಾರಿಗೆ. ಆದರೆ ಅಜ್ಜಿಗೂ ಸಾಕ್ಷಿಗಳಿಲ್ಲದಿಲ್ಲ. ಪೂರ್ವ ಆಫ್ರಿಕದ ಡಿಗೊ ಎಂಬ ಜನರಲ್ಲಿ ತಾಯಂದಿರು ಅಜ್ಜಿಯಂತೆಯೇ ಕೂಸುಗಳನ್ನು ಕಾಲ ಮೇಲೆ ಕುಳ್ಳಿರಿಸಿ, ಸದ್ದು ಮಾಡಿ, ಅರ್ಧ ವರ್ಷ ತುಂಬುವುದರೊಳಗೆ ಪಳಗಿಸುವುದನ್ನು ಸಂಶೋಧಕ ದಂಪತಿಗಳು ೧೯೭೭ರಲ್ಲಿ ವರದಿ ಮಾಡಿದರು.

ಹಾಗಾದರೆ ಗೆದ್ದವರಾರು? ಇಬ್ಬರೂ ಸರಿ, ಇಬ್ಬರೂ ಬೇರೆ ಬೇರೆ ಪಾಠಗಳ ಮಾತನ್ನಾಡುತ್ತಿದ್ದಾರೆ ಅಷ್ಟೆ. ಅಜ್ಜಿಯ ಪದ್ಧತಿಯಲ್ಲಿ ಪಳಗಿದ್ದು ಕೂಸಿಗಿಂತ ಹೆಚ್ಚಾಗಿ ಅಜ್ಜಿ. ಅದರ ಮುಖ ನೋಡಿ ಹೊತ್ತರಿಯುವ ವಿದ್ಯೆ ಆಕೆಗೆ ಬಂದಿದೆ. ಆದರೆ ತಾನೇ ಅರಿತು, ತಾನೇ ಹೇಳಿ, ತಾನೇ ನಡೆದು ಹೋಗಿ, ಚಡ್ಡಿ ಇಳಿಸಿಕೊಂಡು ಕುಳಿತುಕೊಳ್ಳುವುದು ಬೇರೆಯೇ ವಿದ್ಯೆ. ಅದಕ್ಕೆ ಮಗು ಒಂದೆರಡು ತಾಸು ಒಣಗಿರಬಲ್ಲುದಾಗಬೇಕು, ಚಿಕ್ಕ ಮಾತುಗಳನ್ನು ತಿಳಿದು ನಡೆಯಬೇಕು. ಈ ಲಕ್ಷಣಗಳು ಒಂದೂವರೆ ವರ್ಷದಿಂದ ಮೂರು ವರ್ಷದೊಳಗೆ ಎಂದಾದರೂ ಕಾಣಿಸಬಹುದು. ಪಕ್ಕದ ಮನೆಯ ಕೂಸಿನೊಡನೆ ಪಂದ್ಯ ಕಟ್ಟಬೇಕಾದ ಕಾರಣವಿಲ್ಲ. ರಾತ್ರಿಯ ಹಾಸಿಗೆಯ ವಿಷಯವಂತೂ ಇನ್ನೂ ನಿಧಾನ. ಐದು ವರ್ಷದವರೆಗೆ ಆಗೊಮ್ಮೆ ಈಗೊಮ್ಮೆ ಹಾಸಿಗೆ ತೋಯುವುದು ರೋಗವೂ ಅಲ್ಲ, ಹಟವೂ ಅಲ್ಲ. ಬೆಳಿಗ್ಗೆ ಕೌದಿಯನ್ನು ಬಿಸಿಲಿಗೆ ಹಾಕುವಾಗ ಓಣಿಗೆಲ್ಲ ಕೇಳುವಂತೆ ಕಾರಣ ಹೇಳದಿರುವುದು ಒಳ್ಳೆಯದು.

ಈಗ ಸ್ಥಳದ ಪ್ರಶ್ನೆ. ಒಂದು ತಲೆಮಾರಿನ ಹಿಂದೆ ಎಷ್ಟೋ ಮನೆಗಳ ಚಿಕ್ಕ ಮಕ್ಕಳಿಗೆ ಹಿತ್ತಲು, ಇಲ್ಲವೆ ಗಟಾರದ ದಂಡೆಯೇ ಪಾಯಿಖಾನೆಯಾಗಿತ್ತು. ೨೦೧೪ರಲ್ಲಿ ಸ್ವಚ್ಛ ಭಾರತ ಅಭಿಯಾನ ಆರಂಭವಾದ ಮೇಲೆ ಮನೆಮನೆಗೆ ಪಾಯಿಖಾನೆಗಳು ಬಂದಿವೆ. ಆದರೆ ಅವು ದೊಡ್ಡವರ ಅಳತೆಯವು. ಎರಡು ವರ್ಷದ ಮಗುವಿನ ಕಣ್ಣಿಗೆ ಆ ಬಿಳಿಯ ಕುಳಿ ಬಾವಿಯಂತೆ ಕಾಣುತ್ತದೆ. ಪಾದಗಳೆರಡನ್ನೂ ಅಷ್ಟು ಅಗಲ ಇಡಲು ಅದಕ್ಕಾಗದು. ನೀರು ಬಿಟ್ಟಾಗ ಆಗುವ ಆರ್ಭಟವಂತೂ ರಾಕ್ಷಸನ ಗರ್ಜನೆ. ಇಂಥ ಕಡೆ ಕುಳಿತು ನಿಶ್ಚಿಂತೆಯಾಗಿರು ಎಂದರೆ ದೊಡ್ಡವರಿಗೂ ಸಾಧ್ಯವಿಲ್ಲ. ಅಂಗಡಿಗಳಲ್ಲಿ ದೊರೆಯುವ ಪ್ಲಾಸ್ಟಿಕ್ಕಿನ ಚಿಕ್ಕ ಪೀಠವು ಈ ಭಯವನ್ನು ಕಳೆಯುತ್ತದೆ. ಎತ್ತರದ ಕಮೋಡಿನ ಮೇಲೆ ಕುಳ್ಳಿರಿಸುವ ಮನೆಗಳಲ್ಲಿ ಮಗುವಿನ ಪಾದಗಳ ಕೆಳಗೆ ಒಂದು ಎತ್ತರದ ಮಣೆಯಿರಬೇಕು. ಜೋತುಬಿದ್ದ ಕಾಲಿನಿಂದ ಹೊಟ್ಟೆಗೆ ಬಲ ಬಾರದು. ನೀರು ಬಿಡುವ ಗುಂಡಿಯನ್ನು ಮಗುವೇ ಒತ್ತಲಿ, ತಂಬಿಗೆಯನ್ನು ಅದೇ ಸುರಿಯಲಿ. ಗರ್ಜಿಸುವ ರಾಕ್ಷಸನು ತನ್ನ ಅಪ್ಪಣೆಗೆ ಕಾಯುತ್ತಾನೆಂದು ತಿಳಿದರೆ ಭಯ ತಾನಾಗಿ ಓಡುತ್ತದೆ. ಹೆಣ್ಣುಮಕ್ಕಳನ್ನು ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕೆಂಬುದನ್ನು ಮಾತ್ರ ಮೊದಲ ದಿನದಿಂದಲೇ ರೂಢಿಸಬೇಕು. ಮೂತ್ರದ ಸೋಂಕನ್ನು ದೂರವಿಡಲು ಅದು ನೆರವಾಗುತ್ತದೆ.

“ಬಂದೈತೇನು?” ಎಂದು ಕೇಳುವುದು ತಾಯಂದಿರ ಪದ್ಧತಿ. ಆಟದಲ್ಲಿ ಮುಳುಗಿದ ಮಗುವಿನ ಉತ್ತರ ಯಾವಾಗಲೂ “ಇಲ್ಲ.” ಇದರ ಬದಲು ಒಂದು ಬಸ್ಸು ಹೊರಡಿಸಿ ನೋಡಬಹುದು. ಮುಂಡರಗಿಯ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಆ ಮನೆಯ ಅಡುಗೆಕೋಣೆಯೇ ಮುಂಡರಗಿ, ಪಡಸಾಲೆ ಡಂಬಳ, ಬಚ್ಚಲು ಗದಗು. ಊಟ ಮುಗಿದು ಕಾಲು ಗಂಟೆಯಾಗುತ್ತಲೇ ಗಾಡಿ ಹೊರಡಬೇಕು. ಹೊಟ್ಟೆಗೆ ಅನ್ನ ಬಿದ್ದ ಮೇಲೆ ಕರುಳು ಚಲಿಸತೊಡಗುವುದು ದೇಹದ ನಿಯಮ. ಆದ್ದರಿಂದ ಇದೇ ತಕ್ಕ ವೇಳೆ. ಚಾಲಕ ಮಗುವೇ. ತಂದೆ ಕಂಡಕ್ಟರ್. “ಡ್ರೈವರ್ ಸಾಹೇಬ್ರ, ಹೊತ್ತಾತ್ರೀ, ಗಾಡಿ ಬಿಡ್ರಿ! ರೈಟ್, ರೈಟ್!” ಎಂದು ಆತ ಗೋಡೆ ತಟ್ಟಿದರೆ ಹಟಮಾರಿ ಮಗುವೂ ಎದ್ದು ಗೇರು ಹಾಕುತ್ತದೆ. ಡಂಬಳದಲ್ಲಿ ಅಜ್ಜ ಕೈ ಮಾಡಿ ಹತ್ತುತ್ತಾನೆ; ಆತನಿಗೆ ಟಿಕೀಟು ಹರಿದು ಕೊಡಬೇಕು. ಗದಗಿನ ನಿಲ್ದಾಣದಲ್ಲಿ ಐದು ನಿಮಿಷ ವಿಶ್ರಾಂತಿ. ಅಷ್ಟರಲ್ಲಿ ಕೆಲಸ ಆದರೆ ಆಯಿತು, ಆಗದಿದ್ದರೆ ಗಾಡಿ ಮುಂದೆ ಹೊರಡುತ್ತದೆ. ಅರ್ಧ ತಾಸು ಕುಳ್ಳಿರಿಸಿ ಕಾವಲು ಕಾಯುವುದು ಆಟವಲ್ಲ, ಸೆರೆಮನೆ. ಗದಗಿನಿಂದ ಹೊರಟ ಗಾಡಿಗೆ ಇನ್ನೊಂದೇ ನಿಲ್ದಾಣ: ಸಬಕಾರ. ಅಲ್ಲಿ ಇಳಿಯದವರಿಗೆ ಮನೆಗೆ ಪ್ರವೇಶವಿಲ್ಲ.

ಕೆಲಸವಾದಾಗ ಚಾಕಲೇಟು ಕೊಡುವ ಪದ್ಧತಿ ಕೆಲವು ಮನೆಗಳಲ್ಲಿ ಉಂಟು. ಅದು ಲಂಚ; ಲಂಚಕ್ಕೆ ಪಳಗಿದವರು ಲಂಚವಿಲ್ಲದೆ ಕುರ್ಚಿಯ ಮೇಲೆ ಕುಳಿತುಕೊಳ್ಳುವುದಿಲ್ಲವೆಂಬುದು ಲೋಕಪ್ರಸಿದ್ಧ. ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಮಗುವಿನ ಬೆರಳಿನಿಂದಲೇ ಒಂದು ಕುಂಕುಮದ ಬೊಟ್ಟು ಇಡಿಸಿದರೆ ಸಾಕು. ಬೊಟ್ಟು ತಪ್ಪಿದ ದಿನದ ಬಗ್ಗೆ ಮಾತೇ ಬೇಡ. ಮನೆಗೆ ಹೊಸ ಕೂಸು ಬಂದಾಗ, ತಾಯಿ ಹೆರಿಗೆಗೆಂದು ತವರಿಗೆ ಹೋದಾಗ, ಮೈಯಲ್ಲಿ ಹುಷಾರಿಲ್ಲದಾಗ ಕಲಿತ ವಿದ್ಯೆಯೆಲ್ಲ ಮರೆತುಹೋಗುವುದುಂಟು. ಅದು ಮಗುವಿನ ದುಃಖದ ಭಾಷೆ. ಚಡ್ಡಿ ಬದಲಿಸಿ, “ಹೋಗ್ಲಿ ಬಿಡೋ ತಮ್ಮಾ, ನಾಳೆ ಬಸ್ಸಿಗೆ ಲಗೂನ ಹೋಗೂಣು” ಎಂದರೆ ಕೆಲವು ವಾರಗಳಲ್ಲಿ ಅದು ಹಳೆಯ ದಾರಿಗೆ ಬರುತ್ತದೆ. ಆದರೆ ವಾರಗಟ್ಟಲೆ ಮಲಬದ್ಧತೆ, ರಕ್ತ, ಹೊಟ್ಟೆನೋವು ಕಂಡರೆ ಆಟವನ್ನು ಬದಿಗಿಟ್ಟು ವೈದ್ಯರನ್ನು ಕಾಣತಕ್ಕದ್ದು.

ಕೈತೊಳೆಯುವ ಪಾಠಕ್ಕೆ ಈ ನಾಡಿನಲ್ಲಿ ಒಂದು ವಿಶೇಷ ತೊಡಕು ಇದೆ. ಅದು ನೀರು. ತುಂಗಭದ್ರೆ ಮುಂಡರಗಿ, ಶಿರಹಟ್ಟಿ ಸೀಮೆಗಳ ದಕ್ಷಿಣದ ಅಂಚಿನಲ್ಲಿ ಹರಿಯುತ್ತಾಳೆ. ಆ ನೀರನ್ನು ದೂರದಿಂದ ಏರಿಸಿ ತಂದು ಅವಳಿ ನಗರಕ್ಕೆ ಉಣಿಸಬೇಕು. ಬೇಸಿಗೆಯಲ್ಲಿ ನಳದ ಬಾಯಿ ನೋಡುತ್ತ ದಿನಗಟ್ಟಲೆ ಕಾಯುವುದು ಗದಗು-ಬೆಟಗೇರಿಯ ಗೃಹಿಣಿಯರಿಗೆ ಹೊಸತಲ್ಲ. ಹಂಡೆ, ಕೊಡ, ಬ್ಯಾರಲ್ಲು, ಕೊನೆಗೆ ಅನ್ನದ ಪಾತ್ರೆಯಲ್ಲಿ ಕೂಡ ನೀರು ತುಂಬಿಟ್ಟು ಅಳೆದು ಬಳಸುವ ಮನೆಯಲ್ಲಿ ಮಗು ತಂಬಿಗೆಯೆತ್ತಿ ಕೈಮೇಲೆ ಸುರಿದುಕೊಂಡರೆ ಏನಾಗುತ್ತದೆ? “ನೀರ ಚೆಲ್ಲಬ್ಯಾಡೋ, ನಳಾ ಬಂದು ಎಂಟ ದಿನಾ ಆತು!” ಒಂದೇ ಮಗುವಿಗೆ ಒಂದೇ ದಿನ ‘ಕೈ ತೊಳಕೋ’ ಎಂದೂ ‘ನೀರು ಮುಟ್ಟಬ್ಯಾಡ’ ಎಂದೂ ಎರಡು ಅಪ್ಪಣೆಗಳು ಹೊರಡುತ್ತವೆ. ಮಗು ಬುದ್ಧಿವಂತ, ಸುಲಭವಾದ ಅಪ್ಪಣೆಯನ್ನು ಪಾಲಿಸುತ್ತದೆ.

ಇದಕ್ಕೆ ಪರಿಹಾರ ಹಳೆಯ ಅಟ್ಟದ ಮೇಲೆಯೇ ಇದ್ದೀತು. ಸೊಂಡಿಲುಳ್ಳ ಗಿಂಡಿಯಿಂದ ಬೀಳುವ ನೀರಿನ ಧಾರೆ ದಾರದಷ್ಟು ಸಣ್ಣದು. ಒಬ್ಬರು ಹನಿಸಬೇಕು, ಒಬ್ಬರು ತೊಳೆಯಬೇಕು. ಅಣ್ಣ-ತಂಗಿಯರಿಗೆ ಇದೇ ಒಂದು ಆಟ. ಗಿಂಡಿಯಿಲ್ಲದವರು ಹಿತ್ತಲಲ್ಲಿ ಇನ್ನೊಂದು ಉಪಾಯ ಮಾಡಬಹುದು. ಐದು ಲೀಟರಿನ ಅಡುಗೆಯೆಣ್ಣೆಯ ಖಾಲಿ ಕ್ಯಾನನ್ನು ಚೆನ್ನಾಗಿ ತೊಳೆದು, ಮೇಲ್ಭಾಗದಲ್ಲಿ ಒಂದು ಚಿಕ್ಕ ತೂತು ಕೊರೆದು, ಅದರ ಹಿಡಿಕೆಯನ್ನು ಅಡ್ಡಗಳುವಿಗೆ ತೂಗುಹಾಕಬೇಕು. ಕ್ಯಾನಿನ ಕೊರಳಿಗೆ ಕಟ್ಟಿದ ದಾರದ ಇನ್ನೊಂದು ತುದಿಯನ್ನು ನೆಲದ ಮೇಲಿನ ಕಟ್ಟಿಗೆಗೆ ಬಿಗಿಯಬೇಕು. ಪಾದದಿಂದ ಕಟ್ಟಿಗೆಯನ್ನು ತುಳಿದರೆ ಕ್ಯಾನು ಬಾಗಿ ತೂತಿನಿಂದ ನೀರು ಹನಿಯುತ್ತದೆ. ಪಾದ ತೆಗೆದರೆ ನಿಲ್ಲುತ್ತದೆ. ಪಕ್ಕದಲ್ಲಿ ಹಳೆಯ ಕಾಲುಚೀಲದಲ್ಲಿ ಸಬಕಾರವನ್ನು ಕಟ್ಟಿ ತೂಗುಬಿಟ್ಟರೆ ಅದು ಕಾಗೆಯ ಪಾಲಾಗುವುದೂ ತಪ್ಪಿತು. ಆಫ್ರಿಕದ ಜಿಂಬಾಬ್ವೆಯಲ್ಲಿ ೧೯೮೦ರ ದಶಕದಲ್ಲಿ ರೂಪುಗೊಂಡ ಈ ಏರ್ಪಾಡು ನೀರಿಲ್ಲದ ಎಷ್ಟೋ ದೇಶಗಳಿಗೆ ಹಬ್ಬಿದೆ. ಮುಟ್ಟಿ ತಿರುಗಿಸಬೇಕಾದ ನಲ್ಲಿಯಿಲ್ಲ. ಒಬ್ಬರ ಕೈಗೆ ಸುರಿದು ಮುಗಿಯುವ ಒಂದು ತಂಬಿಗೆ ನೀರು ಮನೆಯವರೆಲ್ಲರ ಕೈಗೆ ಸಾಕಾಗುತ್ತದೆ. ಮಗುವಿಗೆ ಈ ಲೆಕ್ಕಾಚಾರ ಬೇಕಿಲ್ಲ. ಕಾಲಿನಿಂದ ತುಳಿದರೆ ಮೇಲಿನಿಂದ ಮಳೆ ಬರುತ್ತದಲ್ಲ, ಅದರ ಸಂತೋಷ ಅದಕ್ಕೆ ಸಾಕು. ಮೊದಲ ಎರಡು ದಿನ ಅದು ಮೂವತ್ತು ಸಲ ಕೈ ತೊಳೆಯುತ್ತದೆ. ಆ ಎರಡು ದಿನ ಗೃಹಿಣಿ ಸ್ವಲ್ಪ ಕಣ್ಣು ಮುಚ್ಚಿಕೊಳ್ಳಬೇಕು.

‘ಕಣ್ಣಿಗೆ ಕಾಣದ ಕ್ರಿಮಿ’ ಎಂದು ಹೇಳಿ ಮೂರು ವರ್ಷದವನನ್ನು ಒಪ್ಪಿಸುವುದು ವ್ಯರ್ಥ. ಕಾಣದ್ದನ್ನು ಆತ ನಂಬುವುದಿಲ್ಲ. ನಂಬಿದರೆ ರಾತ್ರಿ ಹೆದರುತ್ತಾನೆ. ಕಾಣಿಸುವುದೇ ಲೇಸು. ಚಿಟಿಕೆ ಅರಿಶಿನವನ್ನು ನಾಲ್ಕು ಹನಿ ಎಣ್ಣೆಯಲ್ಲಿ ಕಲಸಿ ಮಗುವಿನ ಅಂಗೈಗೆ ಸವರಿ, ಬರಿಯ ನೀರಿನಲ್ಲಿ ತೊಳೆದುಕೊಳ್ಳಲು ಹೇಳಬೇಕು. ಹಳದಿ ಹೋಗದು. ಈಗ ಸಬಕಾರದ ತುಂಡನ್ನು ಕೊಟ್ಟು ತಿಕ್ಕಲು ಹೇಳಿದರೆ ಅಂಗೈಯೆಲ್ಲ ಕೆಂಪಗಾಗುತ್ತದೆ! ಅರಿಶಿನದ ನೀರಿಗೆ ಸುಣ್ಣ ಬೆರಸಿದರೆ ಓಕುಳಿಯಾಗುವುದು ಹೇಗೋ ಇದೂ ಹಾಗೆಯೇ. ಸುಣ್ಣದಂತೆ ಸಬಕಾರವೂ ಕ್ಷಾರ. ಕ್ಷಾರ ತಗುಲಿದ ಅರಿಶಿನ ಕೆಂಪಾಗುತ್ತದೆ. ಸೀಸೆಯಲ್ಲಿ ಬರುವ ಕೆಲವು ದ್ರವಸಾಬೂನುಗಳಿಂದ ಈ ಚಮತ್ಕಾರ ನಡೆಯದು. ಸಾದಾ ಸಬಕಾರದ ಬಿಲ್ಲೆಯೇ ಬೇಕು. ತಿಕ್ಕಿ ತೊಳೆದ ಮೇಲೆ ಎಲ್ಲಿ ಬಣ್ಣ ಉಳಿದಿದೆ ನೋಡಿರಿ: ಬೆರಳ ಸಂದಿಯಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಉಗುರಿನ ಅಂಚಿನಲ್ಲಿ. ದೊಡ್ಡವರೂ ಅವಸರದಲ್ಲಿ ತೊಳೆಯದೆ ಬಿಡುವ ಜಾಗಗಳು ಇವೇ. ಒಂದು ದಿನ ತುಸು ಹಳದಿ ಉಳಿದರೆ ನಷ್ಟವಿಲ್ಲ. ಒಳ್ಳೆಯ ಅಂಗಿಯನ್ನು ಮಾತ್ರ ತೆಗೆದಿಟ್ಟು ಈ ಆಟಕ್ಕೆ ಕೂಡಬೇಕು.

ದಿನವೂ ಓಕುಳಿ ಆಡಲಾಗದಷ್ಟೆ. ದಿನದ ಆಟಕ್ಕೆ ಬೆರಳುಗಳೇ ಸಾಕು. ದೀಪಾವಳಿಯ ನೀರು ತುಂಬುವ ಹಬ್ಬವಾದ ಮರುದಿನ ಮನೆಮಂದಿಗೆಲ್ಲ ಎಣ್ಣೆ ಹಚ್ಚಿ ಎರೆಯುವುದನ್ನು ಮಗು ಕಂಡಿರುತ್ತದೆ. ಅದರ ಅಂಗೈಯಲ್ಲಿಯೂ ಒಂದು ಮನೆಮಂದಿ ಉಂಟು. ಹೆಬ್ಬೆರಳು ದುಂಡಗಿನ ಅಜ್ಜ. ಯಾವಾಗಲೂ ಇನ್ನೊಬ್ಬರತ್ತ ಚಾಚಿ ಅಪ್ಪಣೆ ಮಾಡುವ ತೋರುಬೆರಳು ಅಪ್ಪ. ಎಲ್ಲರಿಗಿಂತ ಎತ್ತರದ ನಡುಬೆರಳು ಕಾಕಾ. ಉಂಗುರದ ಬೆರಳು ಅವ್ವ. ಕಿರುಬೆರಳು ಯಾರೆಂದು ಹೇಳಬೇಕಾಗಿಯೇ ಇಲ್ಲ. ಇವರೆಲ್ಲರಿಗೂ ನೊರೆಯಲ್ಲಿ ಎರೆಯಬೇಕು, ಒಬ್ಬೊಬ್ಬರ ಬೆನ್ನನ್ನೂ ಎರಡೆಣಿಕೆ ತಿಕ್ಕಬೇಕು. ಹತ್ತು ಬೆರಳಿಗೆ ಇಪ್ಪತ್ತೆಣಿಕೆ. ಕೈತೊಳೆಯಲು ವೈದ್ಯರು ಹೇಳುವ ಇಪ್ಪತ್ತು ಸೆಕೆಂಡುಗಳೂ ಅಷ್ಟಕ್ಕೇ ಮುಗಿಯುತ್ತವೆ. “ಅಜ್ಜಗ ಎರದಿಲ್ಲಲ್ಲ, ಸಿಟ್ಟಿಗೆದ್ದಾನ” ಎಂದರೆ ಮಗು ಕಕ್ಕಾಬಿಕ್ಕಿಯಾಗಿ ಹೆಬ್ಬೆರಳನ್ನು ಮತ್ತೊಮ್ಮೆ ತಿಕ್ಕುತ್ತದೆ. ‘ಎಡಗೈ ಕೊಳೆ, ಬಲಗೈ ಶುದ್ಧ’ ಎಂಬ ಹಿರಿಯರ ಲೆಕ್ಕ ಇಲ್ಲಿ ನಡೆಯದು. ರೊಟ್ಟಿ ಮುರಿಯಲು ಎರಡೂ ಕೈ ಬೇಕು, ಸಂಜೆಯ ಮಿರ್ಚಿ ಭಜಿಯನ್ನು ಕಸಿದುಕೊಳ್ಳಲು ಯಾವ ಕೈ ಮೊದಲು ಮುಟ್ಟೀತೋ ಅದು.

ಇಷ್ಟೆಲ್ಲ ಆಟ ಏಕೆಂದು ಕೇಳುವವರಿಗೆ ಒಂದು ಊರಿನ ಲೆಕ್ಕ ಸಾಕು. ಕರಾಚಿಯ ಬಡ ಬಡಾವಣೆಗಳಲ್ಲಿ ಸಾಬೂನನ್ನು ಹಂಚಿ, ಕೈತೊಳೆಯುವ ರೂಢಿಯನ್ನು ಮನೆಮನೆಗೆ ಹೋಗಿ ಕಲಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ ೨೦೦೫ರಲ್ಲಿ ಪ್ರಕಟವಾಯಿತು. ಆ ಮನೆಗಳ ಮಕ್ಕಳಲ್ಲಿ ಭೇದಿಯ ಕಾಯಿಲೆ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಐದು ವರ್ಷದೊಳಗಿನವರಲ್ಲಿ ನ್ಯುಮೋನಿಯಾ ಅರ್ಧದಷ್ಟು ಇಳಿದಿತ್ತು. ಕ್ರಿಮಿನಾಶಕ ಬೆರಸಿದ ಸಾಬೂನಿಗೂ ಸಾದಾ ಸಾಬೂನಿಗೂ ಅಲ್ಲಿ ವ್ಯತ್ಯಾಸ ಕಾಣಲಿಲ್ಲ. ಜಾಹೀರಾತು ನೋಡಿ ದುಬಾರಿ ಬಿಲ್ಲೆ ತರುವ ಗೃಹಸ್ಥರು ಇದನ್ನು ಗಮನಿಸಬಹುದು.

ಆದರೆ ಹಿರಿಯರ ಕೈಗಳ ಗತಿಯೇನು? ಕೂಸಿನ ಮಲದಲ್ಲಿ ದೋಷವಿಲ್ಲ, ಅದು ಹಾಲು ಕುಡಿಯುವ ಕೂಸು ಎಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಅದು ತಪ್ಪು. ಭೇದಿಯನ್ನು ಹರಡುವ ಕ್ರಿಮಿಗಳು ಎಳೆಗೂಸಿನ ಮಲದಲ್ಲಿಯೂ ಇರುತ್ತವೆ. ಅದನ್ನು ಗಟಾರಕ್ಕೂ ತಿಪ್ಪೆಗೂ ಎಸೆಯದೆ ಪಾಯಿಖಾನೆಗೆ ಸುರಿಯಬೇಕು. ಕೂಸನ್ನು ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಟ್ಟು ನಾದಲು ಕುಳಿತರೆ ಮಾಡಿದ ಪಾಠವೆಲ್ಲ ರೊಟ್ಟಿಯೊಂದಿಗೆ ತಿರುಗಿ ಬಂದಂತಾಯಿತು.

ಪ್ರವಾಸದಲ್ಲಿ ಈ ಶಿಸ್ತು ಸಡಿಲವಾಗುವುದು ಸಹಜ. ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಯ ನೂಕುನುಗ್ಗಲಿನಲ್ಲಿ ಮಗು ಒಮ್ಮೆಲೆ ಅಂಗಿ ಜಗ್ಗಿದರೆ ತಂದೆಯ ಮುಖ ಬಿಳುಪೇರುತ್ತದೆ. ಹೊರಡುವ ಮುಂಚೆ ಮನೆಯ ಬಸ್ಸನ್ನು ಒಮ್ಮೆ ಓಡಿಸಿಯೇ ಹೊರಡುವುದು, ಚೀಲದಲ್ಲಿ ಒಂದು ಜೊತೆ ಚಡ್ಡಿ, ಒಂದು ಬಾಟಲಿ ನೀರು, ಕಾಗದದಲ್ಲಿ ಸುತ್ತಿದ ಸಬಕಾರದ ಚೂರು ಇಡುವುದು ಬುದ್ಧಿವಂತಿಕೆ. ಬೆಂಡು-ಬತ್ತಾಸಿನ ಅಂಗಡಿಗೆ ಹೋಗುವುದು ಆ ಚೂರು ಹೊರಬಂದ ಮೇಲೆ.

ಆಟ ಹಿಡಿಸಿತೆಂದರೆ ಮಗು ಮನೆಯ ಇನ್‌ಸ್ಪೆಕ್ಟರನಾಗುತ್ತದೆ ಎಂಬುದಕ್ಕೆ ತಾಯ್ತಂದೆಗಳು ಸಿದ್ಧರಾಗಿರಬೇಕು. ಅಜ್ಜ ಹಿತ್ತಲಿನಿಂದ ಬಂದು ತಾಟಿನ ಮುಂದೆ ಕುಳಿತು ರೊಟ್ಟಿಗೆ ಕೈ ಹಾಕಿದೊಡನೆ ಎದುರಿನಿಂದ ಪ್ರಶ್ನೆ ಬರುತ್ತದೆ: “ಅಜ್ಜಾ, ನಿನ್ನ ಐದೂ ಮಂದಿಗೆ ಎರದೀ?” ಅಜ್ಜಿ ಸೆರಗಿನಲ್ಲಿ ನಗೆಯನ್ನು ಅಡಗಿಸಿಕೊಳ್ಳುತ್ತಾಳೆ. ಅಜ್ಜ ಗೊಣಗುತ್ತ ರೊಟ್ಟಿಯನ್ನು ತಾಟಿನಲ್ಲಿಟ್ಟು, ಮೊಳಕಾಲಿಗೆ ಕೈಯೂರಿ ಎದ್ದು, ಬಚ್ಚಲಿನ ಕಡೆಗೆ ನಡೆಯುತ್ತಾನೆ.